ಪರದೆಯೊಳಗೆ ಕಾನೂನನ್ನು ಕೊಂಡೊಯ್ದ ವಕೀಲೆ

ಆಸ್ತಿಪತ್ರಕ್ಕೆ ಬರೆದುಕೊಟ್ಟವರ ಸಹಿ ಅಥವಾ ಹೆಬ್ಬೆರಳ ಗುರುತು ಬಿದ್ದರೆ ಮಾತು ಮುಗಿಯಿತು ಎಂಬುದು ನಮ್ಮಲ್ಲಿ ಬೇರೂರಿರುವ ನಂಬಿಕೆ. ಆದರೆ ಸಹಿ ಹಾಕಿದವರಿಗೆ ತಾವು ಏನನ್ನು ಬಿಟ್ಟುಕೊಡುತ್ತಿದ್ದೇವೆ ಎಂಬ ಅರಿವಿತ್ತೇ? ಅದನ್ನು ಓದಿ ತಿಳಿಸಿದವರು ಯಾರು? ಹಾಗೆ ತಿಳಿಸಿದವರಿಗೆ ಆ ಆಸ್ತಿಯಲ್ಲಿ ಸ್ವಂತ ಹಿತಾಸಕ್ತಿ ಇರಲಿಲ್ಲವೇ? ಈ ಮೂರು ಪ್ರಶ್ನೆಗಳನ್ನು ಸುಮಾರು ಎರಡು ದಶಕಗಳ ಕಾಲ ಪೂರ್ವ ಭಾರತದ ಜಮೀನ್ದಾರರ ಅಂತಃಪುರಗಳಲ್ಲಿ ಕೇಳುತ್ತ ಸಂಚರಿಸಿದವರು ಕಾರ್ನೀಲಿಯಾ ಸೊರಾಬ್ಜಿ. ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಅವರ ಹೆಸರು ಭಾರತದ ಪ್ರಥಮ ಮಹಿಳಾ ವಕೀಲೆ ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಅವರು ಮೊದಲಿಗರಾಗಿದ್ದರು ಎಂಬುದಕ್ಕಿಂತ ಅವರು ಮಾಡಿದ ಕೆಲಸ ಯಾವುದು ಎಂಬುದು ಹೆಚ್ಚು ಮುಖ್ಯವಾದ ಸಂಗತಿ.

ಸೊರಾಬ್ಜಿ ಜನಿಸಿದ್ದು 1866ರ ನವೆಂಬರ್ 15ರಂದು, ನಾಸಿಕದಲ್ಲಿ. ತಂದೆ ಪಾರ್ಸಿ ಸಮುದಾಯದಿಂದ ಕ್ರೈಸ್ತ ಧರ್ಮಕ್ಕೆ ಸೇರಿದ ಪಾದ್ರಿ. ತಾಯಿ ಫ್ರಾನ್ಸಿನಾ ಬ್ರಿಟಿಷ್ ದಂಪತಿಯ ಆಶ್ರಯದಲ್ಲಿ ಬೆಳೆದು, ಪುಣೆಯಲ್ಲಿ ಶಾಲೆಗಳನ್ನು ನಡೆಸಿದ ದಿಟ್ಟ ಮಹಿಳೆ. ಕಷ್ಟದಲ್ಲಿದ್ದ ಹೆಂಗಸರು ಸಲಹೆ ಕೇಳಲು ಈ ತಾಯಿಯ ಬಳಿಗೆ ಬರುತ್ತಿದ್ದರು. ಹಾಗೆ ಬಂದ ಒಬ್ಬ ವಿಧವೆಯ ಕಥೆಯನ್ನು ಕಾರ್ನೀಲಿಯಾ ತಮ್ಮ ಆತ್ಮಕಥೆಯಲ್ಲಿ ನೆನೆಯುತ್ತಾರೆ. ಆಕೆ ನಂಬಿದ್ದ ವ್ಯವಹಾರಸ್ಥನೇ ಆಕೆಯಿಂದ ಕಾಗದಕ್ಕೆ ಸಹಿ ಹಾಕಿಸಿಕೊಂಡು ಆಸ್ತಿಯನ್ನು ತನ್ನದಾಗಿಸಿಕೊಂಡಿದ್ದ. ಇಂಥವರಿಗೆ ನೆರವಾಗಬೇಕಾದರೆ ಕಾನೂನು ಓದಬೇಕು ಎಂಬ ಸಂಕಲ್ಪ ಬಾಲಕಿಯ ಮನಸ್ಸಿನಲ್ಲಿ ಮೂಡಿದ್ದು ಆಗ.

ಸಂಕಲ್ಪ ಸುಲಭವಾಗಿತ್ತು; ದಾರಿ ಸುಲಭವಾಗಿರಲಿಲ್ಲ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿದ ಅವರು ಬಾಂಬೆ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪದವೀಧರೆಯಾದರು. ಅವರ ಫಲಿತಾಂಶ ಇಂಗ್ಲೆಂಡಿನಲ್ಲಿ ಓದಲು ಸರ್ಕಾರದ ವಿದ್ಯಾರ್ಥಿವೇತನಕ್ಕೆ ಅರ್ಹತೆ ತಂದುಕೊಡುವಂತಿತ್ತು. ಆದರೆ ಹೆಣ್ಣೆಂಬ ಕಾರಣಕ್ಕೆ ಅದು ಅವರ ಕೈತಪ್ಪಿತು. ಅಹಮದಾಬಾದಿನ ಗುಜರಾತ್ ಕಾಲೇಜಿನಲ್ಲಿ ಕೆಲಕಾಲ ಗಂಡುಮಕ್ಕಳಿಗೆ ಪಾಠ ಹೇಳಿದರು. ಕೊನೆಗೆ ಮೇರಿ ಹಾಬ್‌ಹೌಸ್, ಫ್ಲಾರೆನ್ಸ್ ನೈಟಿಂಗೇಲ್ ಮೊದಲಾದ ಹಿತೈಷಿಗಳು ಚಂದಾ ಎತ್ತಿ ಕೂಡಿಸಿದ ಹಣದಿಂದ 1889ರಲ್ಲಿ ಆಕ್ಸ್‌ಫರ್ಡ್‌ನ ಸೊಮರ್‌ವಿಲ್ ಸೇರಿದರು.

ಅಲ್ಲಿ ಬೇಲಿಯಲ್ ಕಾಲೇಜಿನ ಮುಖ್ಯಸ್ಥ ಬೆಂಜಮಿನ್ ಜೊವೆಟ್ ಅವರ ಬೆಂಬಲಕ್ಕೆ ನಿಂತರು. ನ್ಯಾಯಶಾಸ್ತ್ರದ ಉನ್ನತ ಪದವಿಯಾದ ಬಿ.ಸಿ.ಎಲ್. ಪರೀಕ್ಷೆಗೆ ಅದುವರೆಗೆ ಯಾವ ಹೆಣ್ಣೂ ಕುಳಿತಿರಲಿಲ್ಲ. ವಿಶ್ವವಿದ್ಯಾಲಯ ವಿಶೇಷ ನಿರ್ಣಯ ಕೈಗೊಂಡ ಮೇಲೆ 1892ರಲ್ಲಿ ಅವರು ಪರೀಕ್ಷೆ ಬರೆದು ತೇರ್ಗಡೆಯಾದರು. ಆದರೂ ಪದವಿ ಸಿಗಲಿಲ್ಲ. ಮಹಿಳೆಯರಿಗೆ ಪದವಿ ನೀಡಲು ಆಕ್ಸ್‌ಫರ್ಡ್ ಒಪ್ಪಿದ್ದು 1920ರಲ್ಲಿ. ಸೊರಾಬ್ಜಿ ತಮ್ಮ ಪದವಿಯನ್ನು ಸ್ವೀಕರಿಸಿದ್ದು ಪರೀಕ್ಷೆ ಬರೆದ ಮೂವತ್ತು ವರ್ಷಗಳ ನಂತರ, 1922ರಲ್ಲಿ.

1893ರಲ್ಲಿ ಸ್ವದೇಶಕ್ಕೆ ಮರಳಿದಾಗ ಅವರ ಸ್ಥಿತಿ ವಿಚಿತ್ರವಾಗಿತ್ತು. ಕಾನೂನು ಗೊತ್ತಿತ್ತು, ಕಕ್ಷಿದಾರರೂ ಇದ್ದರು. ನ್ಯಾಯಾಲಯದಲ್ಲಿ ನಿಂತು ವಾದಿಸುವ ಸನ್ನದು ಮಾತ್ರ ಇರಲಿಲ್ಲ. ಬಾಂಬೆ ವಿಶ್ವವಿದ್ಯಾಲಯದ ಎಲ್‌ಎಲ್.ಬಿ. ಪಾಸು ಮಾಡಿದರು. ಅಲಹಾಬಾದ್ ಹೈಕೋರ್ಟಿನ ವಕೀಲಿ ಪರೀಕ್ಷೆಯನ್ನೂ ಪಾಸು ಮಾಡಿದರು. ಒಂದೊಂದು ಬಾಗಿಲಲ್ಲೂ ಅರ್ಹತೆಯನ್ನು ಕೇಳಿದರು. ಅರ್ಹತೆ ತಂದಾಗ ಹೆಣ್ಣೆಂಬುದನ್ನು ನೆನಪಿಸಿದರು. ಕೆಲವು ದೇಶೀಯ ಸಂಸ್ಥಾನಗಳ ನ್ಯಾಯಪೀಠಗಳ ಮುಂದೆ ವಿಶೇಷ ಅನುಮತಿಯಿಂದ ಹಾಜರಾಗುವುದಷ್ಟೇ ಅವರಿಗೆ ಉಳಿದ ದಾರಿಯಾಗಿತ್ತು.

ಈ ಅಲೆದಾಟದಲ್ಲಿ ಅವರಿಗೆ ಒಂದು ಸತ್ಯ ಗೋಚರಿಸಿತು. ನ್ಯಾಯಾಲಯದ ಹೊಸ್ತಿಲಲ್ಲಿ ತಾವು ಹೊರಗೆ ನಿಂತಿರುವಂತೆಯೇ, ಮನೆಯ ಹೊಸ್ತಿಲಿನ ಒಳಗೆ ಇನ್ನೊಂದು ಬಗೆಯ ಹೆಂಗಸರು ಸಿಲುಕಿಕೊಂಡಿದ್ದಾರೆ. ಅವರೇ ಪರದಾ ಪದ್ಧತಿಯ ಶ್ರೀಮಂತ ಮನೆತನಗಳ ವಿಧವೆಯರು. ಹೊರಗಿನ ಗಂಡಸರ ಮುಖ ನೋಡುವಂತಿಲ್ಲ, ಅಂದಮೇಲೆ ವಕೀಲರನ್ನೂ ನೋಡುವಂತಿಲ್ಲ. ಅವರಿಗೆ ಲೋಕದ ಸುದ್ದಿ ತಲುಪುತ್ತಿದ್ದುದು ದಿವಾನ, ಗುಮಾಸ್ತ, ಮೈದುನರ ಮೂಲಕ. ಅವರ ಆಸ್ತಿಯ ಮೇಲೆ ಕಣ್ಣಿಟ್ಟಿದ್ದವರೂ ಬಹಳ ಸಲ ಇದೇ ಜನ.

ಕಾನೂನಿಗೆ ಈ ಸ್ಥಿತಿ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಪರದಾ ಮಹಿಳೆ ಬರೆದುಕೊಟ್ಟ ಪತ್ರವನ್ನು ಆಧರಿಸಿ ಹಕ್ಕು ಕೇಳುವವರು, ಅದನ್ನು ಆಕೆಗೆ ವಿವರಿಸಲಾಗಿತ್ತು ಮತ್ತು ಆಕೆ ಅರಿತೇ ಒಪ್ಪಿದ್ದಳು ಎಂಬುದನ್ನು ತಾವೇ ಸಾಬೀತುಪಡಿಸಬೇಕು ಎಂಬ ತತ್ತ್ವವನ್ನು ಪ್ರಿವಿ ಕೌನ್ಸಿಲ್ ಹತ್ತೊಂಬತ್ತನೆಯ ಶತಮಾನದಲ್ಲೇ ರೂಪಿಸಿತ್ತು. ಅಂಥವರಿಗೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಖುದ್ದು ಹಾಜರಾತಿಯಿಂದ ವಿನಾಯಿತಿ ನೀಡಿತು. ಅದೇ ವರ್ಷದ ನೋಂದಣಿ ಕಾಯಿದೆ ಅಧಿಕಾರಿಯೇ ಮನೆಗೆ ಹೋಗಲು ಅವಕಾಶ ಕಲ್ಪಿಸಿತು. ಆದರೆ ಮೋಸ ನಡೆದ ಮೇಲೆ ದೊರೆಯುವ ಪರಿಹಾರ ಬೇರೆ, ಸಹಿ ಹಾಕುವ ಮುನ್ನ ದೊರೆಯುವ ಸಲಹೆ ಬೇರೆ. ಎರಡನೆಯದನ್ನು ಕೊಡಲು ಪರದೆಯ ಒಳಗೆ ಹೋಗಬಲ್ಲ ಕಾನೂನು ಬಲ್ಲವರು ಬೇಕಿತ್ತು. ಆ ಕೆಲಸ ಹೆಣ್ಣಿನಿಂದ ಮಾತ್ರ ಸಾಧ್ಯವಿತ್ತು. ಇದನ್ನೇ ಸೊರಾಬ್ಜಿ ಲಂಡನ್ನಿನ ಇಂಡಿಯಾ ಆಫೀಸಿನ ಮುಂದೆ ಪಟ್ಟುಹಿಡಿದು ಮಂಡಿಸಿದರು.

1904ರಲ್ಲಿ ಬಂಗಾಳ ಸರ್ಕಾರ ಅವರನ್ನು ಕೋರ್ಟ್ ಆಫ್ ವಾರ್ಡ್ಸ್‌ಗೆ ಮಹಿಳಾ ಸಹಾಯಕಿಯಾಗಿ ನೇಮಿಸಿಕೊಂಡಿತು. ಈ ಸಂಸ್ಥೆಯ ಹೆಸರಿನಲ್ಲಿ ಕೋರ್ಟ್ ಎಂದಿದ್ದರೂ ಅದು ನ್ಯಾಯಾಲಯವಲ್ಲ, ಕಂದಾಯ ಆಡಳಿತದ ಒಂದು ಅಂಗ. ಜಮೀನ್ದಾರ ಅಪ್ರಾಪ್ತನಾದಾಗ, ಅಥವಾ ಎಸ್ಟೇಟನ್ನು ತಾವೇ ನಡೆಸಲು ಅಸಮರ್ಥರೆಂದು ಸರ್ಕಾರ ತೀರ್ಮಾನಿಸಿದ ಮಹಿಳೆಯ ಕೈಗೆ ಅದು ಬಂದಾಗ, ಅದರ ಆಡಳಿತವನ್ನು ಸರ್ಕಾರವೇ ವಹಿಸಿಕೊಳ್ಳುತ್ತಿತ್ತು. ಇದರಲ್ಲಿ ಕರುಣೆಯಷ್ಟೇ ಲೆಕ್ಕಾಚಾರವೂ ಇತ್ತು. 1793ರ ಕಾಯಂ ಜಮಾಬಂದಿಯ ಅನ್ವಯ ಎಸ್ಟೇಟು ನಿಗದಿತ ಕಂದಾಯವನ್ನು ಗಡುವಿನ ದಿನ ಸೂರ್ಯ ಮುಳುಗುವುದರೊಳಗೆ ಕಟ್ಟಬೇಕು, ಇಲ್ಲವಾದರೆ ಹರಾಜು. ದುರಾಡಳಿತದಿಂದ ಎಸ್ಟೇಟು ಮುಳುಗಿದರೆ ಬೊಕ್ಕಸಕ್ಕೂ ಪೆಟ್ಟು. ಅನಾಥ ಬಾಲಕನ ಹಿತ ಹಾಗೂ ಸರ್ಕಾರದ ವರಮಾನ ಒಂದೇ ಕಡತದಲ್ಲಿ ಕೂಡಿಕೊಂಡಿದ್ದವು. ಆ ಕಡತದಲ್ಲಿ ಮನುಷ್ಯರ ಮುಖವನ್ನು ಕಾಣಿಸಿದ್ದು ಸೊರಾಬ್ಜಿಯವರ ಸಾಧನೆ.

ಅವರ ಕಾರ್ಯಕ್ಷೇತ್ರ ಬಂಗಾಳ, ಬಿಹಾರ, ಒರಿಸ್ಸಾ, ಅಸ್ಸಾಂಗಳಿಗೆ ವಿಸ್ತರಿಸಿತ್ತು. ರೈಲು, ದೋಣಿ, ಪಲ್ಲಕ್ಕಿ, ಆನೆ, ಹೀಗೆ ಸಿಕ್ಕ ವಾಹನದಲ್ಲಿ ಪಯಣಿಸಿ ಮನೆಗಳನ್ನು ತಲುಪಬೇಕಿತ್ತು. ವಿಧವೆಗೆ ಸಲ್ಲಬೇಕಾದ ಜೀವನಾಂಶ ನಿಜವಾಗಿ ಆಕೆಯ ಕೈ ಸೇರುತ್ತಿದೆಯೇ, ದತ್ತು ಸ್ವೀಕಾರ ಯಾರ ಒತ್ತಡದಿಂದ ನಡೆಯುತ್ತಿದೆ, ಎಳೆಯ ವಾರಸುದಾರನ ಆರೋಗ್ಯ ಮತ್ತು ವಿದ್ಯಾಭ್ಯಾಸವನ್ನು ನೋಡುವವರು ಯಾರು, ಅತ್ತೆ ಸೊಸೆಯರ ವ್ಯಾಜ್ಯವನ್ನು ಕಟ್ಟೆ ಹತ್ತಿಸದೆ ಬಗೆಹರಿಸಬಹುದೇ ಎಂಬುವೆಲ್ಲ ಅವರ ಪರಿಶೀಲನೆಯ ವಿಷಯಗಳು. ಮೊದಲು ಮನೆಯ ಹೆಂಗಸರ ವಿಶ್ವಾಸ ಗಳಿಸಬೇಕು, ಪೂಜೆ ಪುನಸ್ಕಾರಗಳ ಹೊತ್ತಿಗೆ ಅಡ್ಡ ಬರದಂತೆ ಕಾಯಬೇಕು, ಆಮೇಲೆ ಕಾಗದದ ಮಾತು. ಸುಮಾರು ಆರುನೂರು ಮಂದಿ ಹೆಂಗಸರು ಮತ್ತು ಮಕ್ಕಳಿಗೆ ಅವರ ನೆರವು ದೊರೆಯಿತೆಂದು ಅಂದಾಜು. 1909ರಲ್ಲಿ ಅವರಿಗೆ ಕೈಸರ್-ಇ-ಹಿಂದ್ ಪದಕ ಸಂದಿತು.

ಈ ಹುದ್ದೆಯ ಮಿತಿಗಳೂ ದೊಡ್ಡವು. ಅವರು ಸಲಹೆ ನೀಡಬಹುದಿತ್ತು, ಆದೇಶ ಹೊರಡಿಸುವಂತಿರಲಿಲ್ಲ. ವರದಿ ಬರೆದು ಅಧಿಕಾರಿಗಳ ಮರ್ಜಿಗೆ ಕಾಯಬೇಕಿತ್ತು. ಸರ್ಕಾರ ಅವರ ಕಾನೂನು ಜ್ಞಾನವನ್ನು ಬಳಸಿಕೊಂಡಿತು. ಆದರೆ ಸಹಾಯಕಿ ಎಂದು ಕರೆಯಿತೇ ಹೊರತು ವಕೀಲೆ ಎಂದು ಕರೆಯಲಿಲ್ಲ.

ಅಲಹಾಬಾದ್ ಹೈಕೋರ್ಟು ಅವರ ಹೆಸರನ್ನು ನೋಂದಾಯಿಸಿಕೊಂಡಿದ್ದು 1921ರಲ್ಲಿ. ಆ ವರ್ಷಗಳಲ್ಲಿ ಕಲ್ಕತ್ತೆಯಲ್ಲಿ ರೆಜಿನಾ ಗುಹಾ, ಪಟ್ನಾದಲ್ಲಿ ಸುಧಾಂಶುಬಾಲಾ ಹಜ್ರಾ ಸನ್ನದಿಗಾಗಿ ಅರ್ಜಿ ಸಲ್ಲಿಸಿ ಸೋತರು. 1923ರ ಮಹಿಳಾ ಕಾನೂನು ವೃತ್ತಿದಾರರ ಕಾಯಿದೆ ಈ ಅಡ್ಡಿಯನ್ನು ಶಾಶ್ವತವಾಗಿ ನಿವಾರಿಸಿತು. ಲಂಡನ್ನಿನ ಲಿಂಕನ್ಸ್ ಇನ್‌ನಿಂದ ಬ್ಯಾರಿಸ್ಟರ್ ಆಗಿ ಕಲ್ಕತ್ತೆಗೆ ಮರಳಿದಾಗ ಸೊರಾಬ್ಜಿಯವರಿಗೆ ಐವತ್ತೇಳು ದಾಟಿತ್ತು. ಬಾಗಿಲು ತೆರೆದಿತ್ತಾದರೂ ಒಳಗಿದ್ದವರ ಮನಸ್ಸು ತೆರೆದಿರಲಿಲ್ಲ. ವಾದಿಸುವ ಅವಕಾಶಗಳಿಗಿಂತ ಅಭಿಪ್ರಾಯ ಬರೆದುಕೊಡುವ ಕೆಲಸವೇ ಅವರ ಪಾಲಿಗೆ ಹೆಚ್ಚಾಗಿ ಬಂತು. ಆ ದಶಕದ ಕೊನೆಗೆ ಅವರು ಲಂಡನ್ನಿನಲ್ಲಿ ನೆಲೆಸಿದರು.

ಅವರು ನಮ್ಮ ರಾಷ್ಟ್ರೀಯ ನೆನಪಿನ ಅಂಚಿಗೆ ಸರಿದದ್ದಕ್ಕೆ ಅವರ ರಾಜಕೀಯವೂ ಕಾರಣ. ಅವರು ಬ್ರಿಟಿಷ್ ಆಳ್ವಿಕೆಯ ನಿಷ್ಠಾವಂತ ಬೆಂಬಲಿಗರು, ಗಾಂಧೀಜಿಯವರ ಚಳವಳಿಯ ಕಟು ಟೀಕಾಕಾರರು. 1927ರಲ್ಲಿ ಕ್ಯಾಥರೀನ್ ಮೇಯೋ ಬರೆದ ಭಾರತ ನಿಂದೆಯ ಪುಸ್ತಕದ ಬಗ್ಗೆ ಸಹಾನುಭೂತಿ ತೋರಿದ್ದು ಅವರನ್ನು ದೇಶದ ಸುಧಾರಣಾವಾದಿ ಮಹಿಳೆಯರಿಂದಲೇ ದೂರ ಮಾಡಿತು. ಇದನ್ನು ಮರೆಮಾಚುವ ಅಗತ್ಯವಿಲ್ಲ, ಸಮರ್ಥಿಸುವ ಅಗತ್ಯವೂ ಇಲ್ಲ. ಸ್ವರಾಜ್ಯವಿಲ್ಲದೆ ಪ್ರಜೆಗಳ ಹಕ್ಕಿಗೆ ನೆಲೆಯಿಲ್ಲ ಎಂಬುದನ್ನು ಅವರು ಗ್ರಹಿಸಲಿಲ್ಲ. ಆದರೆ ರಾಜಧಾನಿಯಲ್ಲಿ ಅಂಗೀಕಾರವಾದ ಹಕ್ಕು ಒಳಮನೆಯ ಕತ್ತಲೆಯನ್ನು ತಾನಾಗಿ ತಲುಪುವುದಿಲ್ಲ ಎಂಬ ಅವರ ಅನುಭವದ ಮಾತು ಸ್ವಾತಂತ್ರ್ಯಾನಂತರವೂ ಸುಳ್ಳಾಗಿಲ್ಲ.

ಕೊನೆಯ ವರ್ಷಗಳಲ್ಲಿ ಅವರ ದೃಷ್ಟಿ ಮಂದವಾಯಿತು. 1954ರ ಜುಲೈ 6ರಂದು ಲಂಡನ್ನಿನಲ್ಲಿ ನಿಧನರಾದರು. ಲಿಂಕನ್ಸ್ ಇನ್‌ನಲ್ಲಿ ಅವರ ಪ್ರತಿಮೆ ಅನಾವರಣಗೊಂಡದ್ದು 2012ರಲ್ಲಿ.

ಪರದಾ ಪದ್ಧತಿಯ ಆ ಅಂತಃಪುರಗಳು ಈಗಿಲ್ಲ. ಆದರೆ ಅವುಗಳ ಸ್ಥಾನವನ್ನು ಇನ್ನೊಂದು ಕೋಣೆ ತುಂಬಿದೆ. ಅದು ನಮ್ಮ ವೃದ್ಧರ ಕೋಣೆ. ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣಕ್ಕಾಗಿ 2007ರಲ್ಲಿ ಕಾಯಿದೆಯಾಯಿತು. ಅದರಡಿ ರಚಿತವಾದ ನ್ಯಾಯಮಂಡಳಿಯಲ್ಲಿ ಉಪವಿಭಾಗಾಧಿಕಾರಿಯಾಗಿ ಕುಳಿತಿದ್ದ ದಿನಗಳ ಒಂದು ಪ್ರಕರಣ ನನ್ನನ್ನು ಇಂದಿಗೂ ಬಿಟ್ಟಿಲ್ಲ. ವೃದ್ಧೆಯೊಬ್ಬರು ಮಗನಿಗೆ ಮನೆಯನ್ನು ದಾನಪತ್ರದ ಮೂಲಕ ಬರೆದುಕೊಟ್ಟಿದ್ದರು. ಅದು ಬ್ಯಾಂಕ್ ಸಾಲದ ಕಾಗದವೆಂದು ತಿಳಿದು ಹೆಬ್ಬೆಟ್ಟು ಒತ್ತಿದೆ ಎಂಬುದು ಆಕೆಯ ಹೇಳಿಕೆ. ಪತ್ರದಲ್ಲಿ ಸಾಕ್ಷಿಗಳಿದ್ದರು, ಮೊಹರಿತ್ತು, ಕ್ರಮದಲ್ಲಿ ಲೋಪವಿರಲಿಲ್ಲ. ದಾನ ಪಡೆದವರು ನೋಡಿಕೊಳ್ಳಬೇಕೆಂಬ ಷರತ್ತು ಮಾತ್ರ ಇರಲಿಲ್ಲ. ಕಾಯಿದೆಯ 23ನೆಯ ಪ್ರಕರಣದಡಿ ದಾನವನ್ನು ರದ್ದುಪಡಿಸಲು ಆ ಷರತ್ತೇ ಆಧಾರ. ತಿಂಗಳ ಜೀವನಾಂಶಕ್ಕೆ ಆದೇಶಿಸಿದೆ. ಮನೆಯನ್ನು ಹಿಂದಿರುಗಿಸಲು ಸಾಧ್ಯವಾಗಲಿಲ್ಲ. ಆಕೆ ಮರುಮಾತಾಡದೆ ಕೈಮುಗಿದು ಹೊರಟುಹೋದರು.

ಈ ಷರತ್ತು ಅಗತ್ಯವೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು. ಕಾಯಿದೆಯನ್ನು ಹಿರಿಯರ ಹಿತಕ್ಕೆ ಅನುಗುಣವಾಗಿ ಉದಾರವಾಗಿ ಅರ್ಥೈಸಬೇಕೆಂದು 2025ರ ಜನವರಿಯ ತೀರ್ಪಿನಲ್ಲಿ ತಿಳಿಸಿತು. ಇದು ಸ್ವಾಗತಾರ್ಹ. ಆದರೆ ಇವೆಲ್ಲ ಸಹಿ ಬಿದ್ದ ನಂತರದ ಮಾತುಗಳು. ಆ ವೃದ್ಧೆಯ ಬಳಿ ಹೆಬ್ಬೆಟ್ಟು ಒತ್ತುವ ಮುನ್ನ, ಮಗ ಸೊಸೆಯರಿಲ್ಲದ ಹೊತ್ತಿನಲ್ಲಿ, ಹತ್ತು ನಿಮಿಷ ಕುಳಿತು ಕಾಗದವನ್ನು ಓದಿ ಹೇಳುವ ಒಬ್ಬರಿದ್ದಿದ್ದರೆ ಸಾಕಿತ್ತು. ಇಂದು ನಮಗೆ ಕಾನೂನು ಸೇವಾ ಪ್ರಾಧಿಕಾರಗಳಿವೆ, ಅರೆಕಾನೂನು ಸ್ವಯಂಸೇವಕರಿದ್ದಾರೆ, ಹಾಸಿಗೆ ಹಿಡಿದವರ ಮನೆಗೆ ನೋಂದಣಿ ಅಧಿಕಾರಿ ಹೋಗುವ ವ್ಯವಸ್ಥೆಯೂ ಇದೆ. ವಯಸ್ಸಾದವರು ಇರುವ ಒಂದೇ ಮನೆಯನ್ನು ದಾನವಾಗಿ ಬರೆದುಕೊಡುವಾಗ ಇವರಲ್ಲಿ ಒಬ್ಬರು ಅವರೊಡನೆ ಏಕಾಂತದಲ್ಲಿ ಮಾತನಾಡಿ, ಹಾಗೆ ಮಾತನಾಡಿದ್ದೇನೆಂದು ಪತ್ರದ ಮೇಲೆ ದಾಖಲಿಸುವುದನ್ನು ಕಡ್ಡಾಯ ಮಾಡಿದರೆ ಸರ್ಕಾರಕ್ಕೆ ದೊಡ್ಡ ವೆಚ್ಚವೇನೂ ಆಗದು. ಸನ್ನದೂ ಇಲ್ಲದೆ, ಅಧಿಕಾರವೂ ಇಲ್ಲದೆ ಒಬ್ಬ ಮಹಿಳೆ ನಾಲ್ಕು ಪ್ರಾಂತ್ಯಗಳಲ್ಲಿ ಮಾಡಿದ್ದು ಇದೇ ಕೆಲಸವನ್ನು.