ಈಜು ಬಾರದ ಮುಹಮ್ಮದ್ ಅಲಿ ನೀರಿಗಿಳಿದ ಕಥೆ

ಬೀದರ್‌ನಲ್ಲಿ ನಮ್ಮ ಬಳಿ ಓದುವ ಮಕ್ಕಳಲ್ಲಿ ಕೆಲವರು ಸಂಜೆ ಕರಾಟೆ ಕ್ಲಾಸಿಗೂ ಹೋಗುತ್ತಾರೆ. ಭಾಲ್ಕಿ, ಔರಾದ್ ಕಡೆಯಿಂದ ಬಂದು ಇಲ್ಲೇ ಉಳಿದು ಕಲಿಯುವ ಹುಡುಗರೂ ಇದ್ದಾರೆ. ಈ ಬೇಸಿಗೆಯಲ್ಲಿ ಅವರ ನಡುವೆ ಒಂದು ಫೋಟೋ ಓಡಾಡುತ್ತಿತ್ತು. ಈಜುಕೊಳದ ತಳದಲ್ಲಿ ನಿಂತ ಯುವಕನೊಬ್ಬ ಮುಷ್ಟಿ ಬಿಗಿದು ಹೊಡೆಯಲು ಸಜ್ಜಾಗಿದ್ದಾನೆ. ಅದು ಮುಹಮ್ಮದ್ ಅಲಿ. ನೀರೊಳಗೆ ಗುದ್ದಿ ಗುದ್ದಿಯೇ ಅಲಿಯವರಿಗೆ ಅಷ್ಟು ವೇಗ, ಅಷ್ಟು ಬಲ ಬಂತು ಅಂತ ಯಾರೋ ಕೆಳಗೆ ಬರೆದಿದ್ದರು.

ರಜೆಯ ದಿನ ಕಾರಂಜಾ ಹಿನ್ನೀರಿಗೋ ಮಾಂಜ್ರಾ ಹೊಳೆಗೋ ಹೋಗಿ ಹಾಗೇ ಪ್ರಾಕ್ಟೀಸ್ ಮಾಡಬೇಕು ಅಂತ ಆರು ಹುಡುಗರು ಮಾತಾಡಿಕೊಂಡಿದ್ದರು. ಈಜು ಎಷ್ಟು ಜನರಿಗೆ ಬರುತ್ತೆ ಅಂತ ಕೇಳಿದೆವು. ಕೈ ಎತ್ತಿದ್ದು ಒಬ್ಬನೇ. ಅವತ್ತು ಪಾಠ ಮುಗಿದ ಮೇಲೆ ಅವರನ್ನು ಕೂರಿಸಿಕೊಂಡು ಹೇಳಿದ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇವೆ. ಹೊಳೆ, ಕಡಲು ಮನೆ ಬಾಗಿಲಿಗೇ ಇರುವ ನಮ್ಮ ಕರಾವಳಿಯ ಮನೆಗಳಲ್ಲೂ ಇದನ್ನು ಮಕ್ಕಳಿಗೆ ಓದಿ ಹೇಳುವುದು ಒಳ್ಳೆಯದು.

ಅಲಿಯವರು ಹುಟ್ಟಿದ್ದು 1942ರ ಜನವರಿ 17ರಂದು, ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ಊರಿನಲ್ಲಿ. ಆಗಿನ ಹೆಸರು ಕ್ಯಾಸಿಯಸ್ ಕ್ಲೇ. ತಂದೆ ಅಂಗಡಿಗಳ ಬೋರ್ಡ್ ಬರೆಯುವ ಪೇಂಟರ್, ತಾಯಿ ಬೇರೆಯವರ ಮನೆಗೆಲಸಕ್ಕೆ ಹೋಗುತ್ತಿದ್ದರು. ಕರಿಯರಿಗೆ ಬೇರೆ ಶಾಲೆ, ಬೇರೆ ಹೋಟೆಲ್ ಇದ್ದ ಕಾಲ ಅದು. 12ನೇ ವಯಸ್ಸಿನಲ್ಲಿ ಅವರ ಹೊಸ ಸೈಕಲ್ ಕಳುವಾಯಿತು. ಕದ್ದವನನ್ನು ಬಡಿದೇ ಬಿಡುತ್ತೇನೆ ಅಂತ ಹುಡುಗ ಸಿಟ್ಟಿನಿಂದ ದೂರು ಹೇಳಿದ್ದು ಜೋ ಮಾರ್ಟಿನ್ ಎಂಬ ಪೊಲೀಸರ ಹತ್ತಿರ. ಅವರು ಹುಡುಗರಿಗೆ ಬಾಕ್ಸಿಂಗ್ ಕಲಿಸುತ್ತಿದ್ದರು. ಹೊಡೆಯಬೇಕು ಅಂದರೆ ಮೊದಲು ಹೊಡೆಯೋದು ಕಲಿ ಅಂತ ಬುದ್ಧಿ ಹೇಳಿದರು. ಆರು ವರ್ಷದ ಬಳಿಕ, 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅದೇ ಹುಡುಗ ಚಿನ್ನದ ಪದಕ ಗೆದ್ದ.

ಅಲ್ಲಿಂದ ಮಯಾಮಿಗೆ ಹೋಗಿ ಆಂಜೆಲೋ ಡಂಡಿ ಎಂಬ ಗುರುವಿನ ಕೈಕೆಳಗೆ ಅಭ್ಯಾಸ ಶುರುಮಾಡಿದರು. ಫೋಟೋದ ಕಥೆ ನಡೆದದ್ದು ಇಲ್ಲಿ, 1961ರಲ್ಲಿ. ಫ್ಲಿಪ್ ಶುಲ್ಕ್ ಎಂಬ ಛಾಯಾಗ್ರಾಹಕರು ಒಂದು ಕ್ರೀಡಾ ಪತ್ರಿಕೆಗಾಗಿ ಅಲಿಯವರ ಚಿತ್ರ ತೆಗೆಯಲು ಬಂದಿದ್ದರು. ಆಗ ಅಮೆರಿಕದ ಮನೆಮನೆಗೂ ಹೋಗುತ್ತಿದ್ದ ಲೈಫ್ ಪತ್ರಿಕೆಗೂ ಅವರು ಕೆಲಸ ಮಾಡ್ತಾರೆ ಅಂತ ಅಲಿಯವರಿಗೆ ಗೊತ್ತಾಯಿತು. ಅದರಲ್ಲಿ ತನ್ನ ಚಿತ್ರ ಬರಬೇಕು ಅನ್ನೋ ಆಸೆ ಹುಟ್ಟಿತು. ಇನ್ನೇನು ಚಿತ್ರ ತೆಗೀತೀರಿ ಅಂತ ವಿಚಾರಿಸಿದರೆ, ನೀರೊಳಗಿನ ಚಿತ್ರ ತೆಗೆಯುವುದರಲ್ಲೂ ಶುಲ್ಕ್ ನಿಪುಣರು ಅಂತ ತಿಳಿಯಿತು.

ಕೂಡಲೇ ಅಲಿಯವರು ಕಥೆ ಹೆಣೆದರು. ತಾನು ನೀರೊಳಗೇ ಗುದ್ದುವ ಅಭ್ಯಾಸ ಮಾಡುತ್ತೇನೆ, ಇದು ಹಳೆಯ ತರಬೇತುದಾರರೊಬ್ಬರು ಕೊಟ್ಟ ಗುಟ್ಟು, ಭಾರದ ಬೂಟು ಹಾಕಿ ಓಡಿದವನಿಗೆ ಬೂಟು ಬಿಚ್ಚಿದರೆ ಕಾಲು ಹಗುರವಾಗುವ ಹಾಗೆ ನೀರಲ್ಲಿ ಗುದ್ದಿದವನಿಗೆ ಗಾಳಿಯಲ್ಲಿ ಕೈ ಹಗುರವಾಗುತ್ತದೆ ಎಂದರು. ಶುಲ್ಕ್ ನಂಬಿದರು. ಸರ್ ಜಾನ್ ಹೋಟೆಲಿನ ಈಜುಕೊಳದಲ್ಲಿ ಚಿತ್ರ ತೆಗೆದರು. ಸೆಪ್ಟೆಂಬರಿನಲ್ಲಿ ಲೈಫ್ ಪತ್ರಿಕೆ ಅದನ್ನು ಪ್ರಕಟಿಸಿತು, ಓದಿದವರೆಲ್ಲ ನಂಬಿದರು. ನಿಜ ಏನೆಂದರೆ ಅಲಿಯವರಿಗೆ ಈಜೇ ಬರುತ್ತಿರಲಿಲ್ಲ. ನೀರೊಳಗಿನ ಅಭ್ಯಾಸವೂ ಇರಲಿಲ್ಲ. ಉಸಿರು ಹಿಡಿದು ಕೊಳದ ತಳದಲ್ಲಿ ನಿಂತಿದ್ದರು, ಅಷ್ಟೇ. ಮೋಸಹೋದದ್ದು ಶುಲ್ಕ್ ಅವರಿಗೂ ತಿಳಿದದ್ದು ಎಷ್ಟೋ ಸಮಯದ ನಂತರ.

ಹಾಗಾದರೆ ನೀರಲ್ಲಿ ಗುದ್ದಿದರೆ ಪ್ರಯೋಜನವೇ ಇಲ್ವಾ ಅಂತ ಹುಡುಗರು ಕೇಳಿದರು. ಸ್ವಲ್ಪ ಇದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಅದರಲ್ಲಿ ಕೈಯ ವೇಗ ಎರಡು ಪಟ್ಟಾದರೆ ನೀರಿನ ತಡೆ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಭುಜ, ಬೆನ್ನು ಚೆನ್ನಾಗಿ ದಣಿಯುತ್ತವೆ, ತಾಳಿಕೆ ಬೆಳೆಯುತ್ತದೆ. ಕೀಲುಗಳಿಗೆ ಪೆಟ್ಟು ಬೀಳುವುದಿಲ್ಲ. ಗಾಯದಿಂದ ಚೇತರಿಸಿಕೊಳ್ಳುವವರಿಗೆ ನೀರಿನ ವ್ಯಾಯಾಮ ಹೇಳುವುದು ಅದಕ್ಕೇ. ಆದರೆ ವೇಗ ಬೇಕಾದರೆ ವೇಗವಾಗಿಯೇ ಹೊಡೆದು ಕಲಿಯಬೇಕು. ನೀರಲ್ಲಿ ಕೈ ನಿಧಾನಕ್ಕೇ ಹೋಗುವುದು, ಆ ನಿಧಾನವೇ ರೂಢಿಯಾಗುವುದು. ಗುದ್ದಿನ ಬಲವೂ ಬರೀ ತೋಳಿನದ್ದಲ್ಲ. ಪಾದ ನೆಲವನ್ನು ಒತ್ತಿ, ಸೊಂಟ ತಿರುಗಿ, ಕೊನೆಗೆ ಮುಷ್ಟಿಗೆ ಬರುವ ಬಲ ಅದು. ಎದೆಮಟ್ಟ ನೀರಲ್ಲಿ ಮೈಯ ಅರ್ಧಕ್ಕಿಂತ ಹೆಚ್ಚು ಭಾರವನ್ನು ನೀರೇ ಹೊರುವಾಗ ಪಾದಕ್ಕೆ ಆ ಹಿಡಿತ ಎಲ್ಲಿಂದ ಸಿಗಬೇಕು? ಮೇಲೆ ಬಂದಾಗ ಕೈ ಹಗುರ ಅನ್ನಿಸುವುದು ನಿಜ. ಅನ್ನಿಸಿದ ಮಾತ್ರಕ್ಕೆ ವೇಗ ಬಂತು ಅಂತಲ್ಲ.

ಅಪಾಯ ಇನ್ನೊಂದಿದೆ. ಉಸಿರು ಹಿಡಿದು ನೀರೊಳಗೆ ಕೈಕಾಲು ಬಡಿದರೆ ಯಾವ ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪಬಹುದು. ಈಜು ಬರುವವರೂ ಹೀಗೆ ಮುಳುಗುತ್ತಾರೆ. ಹಿನ್ನೀರಿನ ತಳ ಹೋಟೆಲಿನ ಕೊಳದ ತಳದ ಹಾಗಲ್ಲ. ಅಲ್ಲಿ ಕೆಸರು, ಗುಂಡಿ, ಮುಳ್ಳುಕಂಟಿ ಎಲ್ಲ ಇರುತ್ತದೆ.

ಅಲಿಯವರ ನಿಜವಾದ ಅಭ್ಯಾಸದಲ್ಲಿ ಗುಟ್ಟು ಏನೂ ಇರಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಭಾರದ ಬೂಟು ಹಾಕಿಕೊಂಡು ಮೈಲಿಗಟ್ಟಲೆ ಓಟ, ಹಗ್ಗದ ಜಿಗಿತ, ಮರಳು ಚೀಲಕ್ಕೆ ಗುದ್ದು. ಮುಂದೆ ಡೀರ್ ಲೇಕ್ ಶಿಬಿರದಲ್ಲಿ ಕೊಡಲಿ ಹಿಡಿದು ಮರ ಕಡಿಯುವುದೂ ಇತ್ತು. 1964ರ ಫೆಬ್ರವರಿ 25ರಂದು, 22ರ ವಯಸ್ಸಿನಲ್ಲಿ, ಎಲ್ಲರೂ ಹೆದರುತ್ತಿದ್ದ ಸನ್ನಿ ಲಿಸ್ಟನ್‌ರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದರು. ಅದರ ಬೆನ್ನಿಗೇ ತಾನು ಮುಸ್ಲಿಂ ಅಂತ ಬಹಿರಂಗವಾಗಿ ಸಾರಿದರು, ಮುಹಮ್ಮದ್ ಅಲಿ ಆದರು. ಆರಂಭದಲ್ಲಿ ನೇಷನ್ ಆಫ್ ಇಸ್ಲಾಂ ಸಂಘಟನೆಯಲ್ಲಿದ್ದರು. 1972ರಲ್ಲಿ ಹಜ್ ಮಾಡಿದರು. 1975ರಲ್ಲಿ ಸುನ್ನಿ ಇಸ್ಲಾಮಿನ ದಾರಿಗೆ ಬಂದರು.

ಅಲಿಯವರ ಜೀವನದಲ್ಲಿ ನಾವು ಮಕ್ಕಳಿಗೆ ಒತ್ತಿ ಹೇಳಿದ ದಿನ 1967ರ ಏಪ್ರಿಲ್ 28. ವಿಯೆಟ್ನಾಂ ಯುದ್ಧಕ್ಕೆ ಸೈನ್ಯ ಸೇರಲು ಹ್ಯೂಸ್ಟನ್‌ನಲ್ಲಿ ಹೆಸರು ಕೂಗಿದಾಗ ಅವರು ಮುಂದೆ ಹೆಜ್ಜೆ ಇಡಲಿಲ್ಲ. ತನ್ನ ಧರ್ಮ ಒಪ್ಪದ ಯುದ್ಧಕ್ಕೆ ಹೋಗುವುದಿಲ್ಲ ಎಂದರು. ಏನಾದರೊಂದು ನೆಪ ಹೇಳಿದ್ದರೆ, ಸೈನಿಕರೆದುರು ಪ್ರದರ್ಶನ ಪಂದ್ಯ ಆಡಿಕೊಂಡು ಇದ್ದುಬಿಟ್ಟಿದ್ದರೆ ಕಷ್ಟ ತಪ್ಪುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಚಾಂಪಿಯನ್ ಪಟ್ಟ ಕಿತ್ತುಕೊಂಡರು. ಐದು ವರ್ಷ ಸೆರೆವಾಸ, 10,000 ಡಾಲರ್ ದಂಡದ ಶಿಕ್ಷೆ ಆಯಿತು. ಜಾಮೀನು ಸಿಕ್ಕಿತು, ಆದರೆ ಮೂರೂವರೆ ವರ್ಷ ರಿಂಗಿಗಿಳಿಯಲು ಬಿಡಲಿಲ್ಲ. ಬಾಕ್ಸರ್ ಒಬ್ಬನ ಆಯುಷ್ಯದಲ್ಲಿ 25ರಿಂದ 28 ಅಂದರೆ ಬಂಗಾರದಂಥ ವರ್ಷಗಳು. 1971ರ ಜೂನ್ 28ರಂದು ಸುಪ್ರೀಂ ಕೋರ್ಟ್ ಶಿಕ್ಷೆ ರದ್ದು ಮಾಡಿತು. ಕಳೆದ ವರ್ಷಗಳನ್ನು ಯಾವ ಕೋರ್ಟೂ ಹಿಂದಕ್ಕೆ ಕೊಡಲಿಲ್ಲ.

ಪತ್ರಿಕೆಯಲ್ಲಿ ಚಿತ್ರ ಬರಲಿ ಅಂತ 19ರಲ್ಲಿ ಸುಳ್ಳು ಹೇಳಿದ ಅದೇ ಯುವಕ 25ರಲ್ಲಿ ಸತ್ಯಕ್ಕಾಗಿ ಗಳಿಸಿದ್ದೆಲ್ಲ ಬಿಟ್ಟುಕೊಟ್ಟರು. ಮಕ್ಕಳು ಅವರ ಯಾವ ಚಿತ್ರವನ್ನು ಕಣ್ಣ ಮುಂದೆ ಇಟ್ಟುಕೊಳ್ಳಬೇಕು ಅಂತ ನಾವು ದೊಡ್ಡವರು ಹೇಳಿಕೊಡಬೇಕಲ್ವಾ?

ಮುಂದಿನದ್ದು ಎಲ್ಲರಿಗೂ ಗೊತ್ತಿರುವ ವಿಷಯ. 1974ರ ಅಕ್ಟೋಬರ್ 30ರಂದು ಆಫ್ರಿಕಾದ ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್‌ರನ್ನು ಎಂಟನೇ ಸುತ್ತಿನಲ್ಲಿ ಕೆಡವಿ ಮತ್ತೆ ಚಾಂಪಿಯನ್ ಆದರು. 1980ರಲ್ಲಿ ನಮ್ಮ ದೇಶಕ್ಕೂ ಬಂದು ಮದ್ರಾಸಿನಲ್ಲಿ ಪ್ರದರ್ಶನ ಪಂದ್ಯ ಆಡಿದರು. 1981ರಲ್ಲಿ ಕೊನೆಯ ಪಂದ್ಯ. 1984ರಲ್ಲಿ ಪಾರ್ಕಿನ್‌ಸನ್ ಕಾಯಿಲೆ ಎಂದು ಗೊತ್ತಾಯಿತು. ಅಷ್ಟು ಚುರುಕಾಗಿದ್ದ ಕೈ ನಡುಗತೊಡಗಿತು, ಅಷ್ಟು ಮಾತಾಡುತ್ತಿದ್ದ ನಾಲಿಗೆ ನಿಧಾನವಾಯಿತು. ಆ ಸ್ಥಿತಿಯಲ್ಲೇ 1990ರಲ್ಲಿ ಬಗ್ದಾದಿಗೆ ಹೋಗಿ 15 ಮಂದಿ ಒತ್ತೆಯಾಳುಗಳನ್ನು ಬಿಡಿಸಿಕೊಂಡು ಬಂದರು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನ ಜ್ಯೋತಿ ಬೆಳಗಿಸುವಾಗ ಆ ನಡುಗುವ ಕೈಯನ್ನು ಲೋಕವೇ ನೋಡಿತು. ಅವರದನ್ನು ಅಡಗಿಸಿಡಲಿಲ್ಲ. 2016ರ ಜೂನ್ 3ರಂದು ತೀರಿಕೊಂಡರು. ಲೂಯಿವಿಲ್‌ನಲ್ಲಿ ಜೂನ್ 9ರಂದು ನಡೆದ ಜನಾಝ ನಮಾಝಿಗೆ ಸಾವಿರಾರು ಜನ ಸೇರಿದ್ದರು. ಅಲ್ಲಾಹನು ಅವರಿಗೆ ಮಗ್ಫಿರತ್ ನೀಡಲಿ.

ನಮ್ಮ ಹುಡುಗರು ಕಾರಂಜಾಕ್ಕೆ ಹೋಗಲಿಲ್ಲ. ಫಜರ್ ನಮಾಝ್ ಮುಗಿಸಿ ಕೋಟೆಯ ಕಡೆಗೆ ಓಡಲು ಶುರುಮಾಡಿದರು. ವಾರ ಕಳೆಯುವಷ್ಟರಲ್ಲಿ ಆರರಲ್ಲಿ ಇಬ್ಬರು ನಿದ್ದೆಗೆ ಸೋತರು, ನಾಲ್ವರು ಈಗಲೂ ಓಡುತ್ತಿದ್ದಾರೆ. ಔರಾದ್‌ನ ಹುಡುಗನೊಬ್ಬ ತನಗೆ ಮೊದಲು ಈಜು ಕಲಿಸುವವರನ್ನು ಹುಡುಕಿಕೊಡಿ ಅಂತ ಕೇಳಿದ್ದಾನೆ. ಹುಡುಕುತ್ತಿದ್ದೇವೆ.