ಕೈ ತೊಳೆಯಿರಿ ಅಂದವನ ಕಥೆ

ಹೊರಗಿನಿಂದ ಬಂದವರು ಕೈಕಾಲು ತೊಳೆಯದೆ ಬಾಣಂತಿ ಕೋಣೆಗೆ ಹೋದರೆ ನಮ್ಮ ಅಜ್ಜಿಯರು ಬಿಟ್ಟಾರೆಯೆ? ಇಷ್ಟು ಸಣ್ಣ ಮಾತನ್ನು ದೊಡ್ಡ ದೊಡ್ಡ ಡಾಕ್ಟರುಗಳಿಗೆ ಹೇಳಹೋಗಿ ಬಾಳನ್ನೇ ಕಳಕೊಂಡವನೊಬ್ಬನಿದ್ದ. ಅವನ ವಿಷಯ ನಾನು ನಿಮಗೆ ಹೇಳಲೇಬೇಕು.

ಇಗ್ನಾಜ್ ಸೆಮ್ಮೆಲ್‌ವೈಸ್ ಹುಟ್ಟಿದ್ದು 1818ರಲ್ಲಿ, ಹಂಗೇರಿಯ ಬುಡಾ ಪಟ್ಟಣದಲ್ಲಿ. ಕಾನೂನು ಓದಲು ವಿಯೆನ್ನಾಕ್ಕೆ ಹೋದವನು ಮನಸ್ಸು ಬದಲಿಸಿ ವೈದ್ಯನಾದ. 1846ರಲ್ಲಿ ಅಲ್ಲಿನ ಜನರಲ್ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಸಹಾಯಕನಾಗಿ ಸೇರಿದ.

ಅಲ್ಲಿ ಎರಡು ವಾರ್ಡು. ಒಂದರಲ್ಲಿ ಡಾಕ್ಟರುಗಳು, ಮೆಡಿಕಲ್ ವಿದ್ಯಾರ್ಥಿಗಳು; ಇನ್ನೊಂದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಡಾಕ್ಟರುಗಳ ವಾರ್ಡಿನಲ್ಲಿ 100ಕ್ಕೆ 11 ತಾಯಂದಿರು ಸತ್ತರು, ಹೆಚ್ಚಿನವರು ಬಾಣಂತಿ ಜ್ವರದಿಂದ. ಸೂಲಗಿತ್ತಿಯರ ವಾರ್ಡಿನಲ್ಲಿ 100ಕ್ಕೆ 3 ಕೂಡ ಇಲ್ಲ! ಮೊದಲನೆಯ ವಾರ್ಡು ಬೇಡ ಅಂತ ಬಡ ಹೆಂಗಸರು ಕಾಲಿಗೆ ಬಿದ್ದು ಅಳುತ್ತಿದ್ದರಂತೆ.

ಗಾಳಿ ಕೆಟ್ಟಿದೆಯೆ, ಜನ ಹೆಚ್ಚಾದರೆ, ಹೆರಿಗೆಯ ಭಂಗಿಯಲ್ಲಿ ದೋಷವೆ ಎಂದು ಅವನು ಒಂದೊಂದನ್ನೇ ಪರೀಕ್ಷಿಸಿದ. ಯಾವುದೂ ಸರಿಹೊಂದಲಿಲ್ಲ. 1847ರಲ್ಲಿ ಅವನ ಗೆಳೆಯ ಕೊಲೆಚ್ಕಾ ಹೆಣ ಕೊಯ್ಯುವಾಗ ಚಾಕು ತಗಲಿ ತೀರಿಕೊಂಡ. ಆತನ ದೇಹದಲ್ಲಿ ಕಂಡದ್ದೂ ಬಾಣಂತಿಯರ ದೇಹದಲ್ಲಿ ಕಾಣುವಂಥ ಲಕ್ಷಣಗಳೇ. ಆಗ ಸೆಮ್ಮೆಲ್‌ವೈಸನಿಗೆ ಹೊಳೆಯಿತು: ಬೆಳಿಗ್ಗೆ ಹೆಣ ಕೊಯ್ದ ಕೈಗಳೇ ಆಮೇಲೆ ಹೆರಿಗೆ ಮಾಡಿಸುತ್ತಿವೆ. ಸೂಲಗಿತ್ತಿಯರಿಗೆ ಹೆಣ ಕೊಯ್ಯುವ ಕೆಲಸವೇ ಇರಲಿಲ್ಲ.

ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈ ತೊಳೆದೇ ಒಳಗೆ ಬನ್ನಿ ಎಂದು ಅವನು ಮೇ ತಿಂಗಳಲ್ಲಿ ಕಟ್ಟಪ್ಪಣೆ ಮಾಡಿದ. ಏಪ್ರಿಲಿನಲ್ಲಿ 100ಕ್ಕೆ 18 ಇದ್ದ ಸಾವು ಜೂನಿನಲ್ಲಿ ಸುಮಾರು 2ಕ್ಕೆ ಇಳಿಯಿತು. ಮರುವರ್ಷ ಎರಡು ತಿಂಗಳು ಒಂದು ಸಾವೂ ಇಲ್ಲ.

ಇಷ್ಟಾದರೂ ಹಿರಿಯರು ಒಪ್ಪಲಿಲ್ಲ. ಯಾಕೆ? ರೋಗಾಣುಗಳ ವಿಷಯ ಆಗ ತಿಳಿದಿರಲಿಲ್ಲ, ನಿಜ. ಆದರೆ ನನಗೆ ಮುಖ್ಯವಾಗಿ ಕಾಣುವ ಕಾರಣ ಬೇರೆ. ಒಪ್ಪಿದರೆ ಇಷ್ಟು ದಿನ ಕೊಂದದ್ದು ನಮ್ಮ ಕೈಯೇ ಎಂದು ಒಪ್ಪಬೇಕಲ್ಲ! ಸೆಮ್ಮೆಲ್‌ವೈಸ್ ತನ್ನ ಕೈಯನ್ನೂ ಆ ಲೆಕ್ಕಕ್ಕೆ ಸೇರಿಸಿಕೊಂಡಿದ್ದ. ಉಳಿದವರು ಹೊಣೆಯಿಂದ ಕೈ ತೊಳೆದುಕೊಂಡರು.

1849ರಲ್ಲಿ ಕೆಲಸ ಮುಂದುವರಿಯಲಿಲ್ಲ. ಮರುವರ್ಷ ಪೆಸ್ಟ್ ನಗರಕ್ಕೆ ಹೊರಟುಹೋದ. ಅಲ್ಲೂ ಬಾಣಂತಿಯರನ್ನು ಉಳಿಸಿದ. ಆದರೆ ಪುಸ್ತಕ ಬರೆದದ್ದು ತಡವಾಗಿ, 1861ರಲ್ಲಿ. ಒಪ್ಪದವರಿಗೆ ಕೊಲೆಗಾರರೆಂದು ಬೈದು ಬಹಿರಂಗ ಪತ್ರ ಬರೆದ. ಅದರಿಂದ ವೈರಿಗಳು ಹೆಚ್ಚಾದರು ಅಷ್ಟೆ. ಕೊನೆಗೆ ಬುದ್ಧಿ ಕದಡಿತು. 1865ರ ಜುಲೈನಲ್ಲಿ ಹುಚ್ಚಾಸ್ಪತ್ರೆಗೆ ಸೇರಿಸಿದರು. ಎರಡೇ ವಾರದಲ್ಲಿ, ಆಗಸ್ಟ್ 13ರಂದು, ಗಾಯ ಕೀತು ರಕ್ತ ವಿಷವಾಗಿ ಸತ್ತ. ಬಾಣಂತಿಯರನ್ನು ಕಾಡಿದಂಥದೇ ವಿಷ! ವಯಸ್ಸು ಬರೀ 47. ಎರಡು ವರ್ಷದ ನಂತರ ಲಿಸ್ಟರ್ ನಂಜುನಿವಾರಣೆಯ ಪದ್ಧತಿ ಪ್ರಕಟಿಸಿದ. 1969ರಲ್ಲಿ ಬುಡಾಪೆಸ್ಟಿನ ವೈದ್ಯಕೀಯ ವಿಶ್ವವಿದ್ಯಾಲಯಕ್ಕೇ ಸೆಮ್ಮೆಲ್‌ವೈಸನ ಹೆಸರಿಟ್ಟರು.

ಈಗ ರೋಗಾಣು ಗೊತ್ತು, ಸೋಪೂ ಇದೆ. ಆದರೂ ಆಸ್ಪತ್ರೆಗಳಲ್ಲಿ ಕೈ ತೊಳೆಯಿರಿ ಎಂದು ನೆನಪಿಸಲು ವಿಶ್ವ ಆರೋಗ್ಯ ಸಂಸ್ಥೆ ಪ್ರತಿ ಮೇ 5ನ್ನು ಮೀಸಲಿಟ್ಟಿದೆ. ತಿಳುವಳಿಕೆ ಒಂದೇ ಸಾಲದು ಅಂತಲೇ ಅಲ್ಲವೆ ಇದರ ಅರ್ಥ? ಕಿರಿಯ ನರ್ಸೊಬ್ಬಳು ದೊಡ್ಡ ಡಾಕ್ಟರನ್ನು ತಡೆದು, ಸಾರ್, ಕೈ ತೊಳೆದಿಲ್ಲ ಅನ್ನಬೇಕು. ಅವರು ಮುಖ ಸಿಂಡರಿಸದೆ ನಲ್ಲಿಯ ಕಡೆ ತಿರುಗಬೇಕು. ಮೆಡಿಕಲ್ ಓದುವ ಗೆಳೆಯರೇ, ಅಂಥ ವಾರ್ಡು ಕಟ್ಟುವ ಕೆಲಸ ನಿಮ್ಮದು.