ಫಾದರ್ ಡೇಮಿಯನ್ ಸಂತರಾದರು, ಗಡಿಪಾರಾದವರು ಏನಾದರು?

ರೋಗ ಬಂದದ್ದಕ್ಕೇ ಜೀವಾವಧಿ ಗಡಿಪಾರು. 1865ರಲ್ಲಿ ಹವಾಯಿ ರಾಜ್ಯ ಮಾಡಿಕೊಂಡ ಕಾನೂನಿನ ತಿರುಳು ಇಷ್ಟೇ. ಕುಷ್ಠರೋಗ ಇದೆ ಅಂತ ಅನುಮಾನ ಬಂದರೂ ಸಾಕು, ಹಿಡಿದು ತರಬಹುದಿತ್ತು. ರೋಗ ಖಚಿತವಾದರೆ ಹಡಗಿನಲ್ಲಿ ಒಯ್ದು ಮೊಲೊಕಾಯಿ ದ್ವೀಪದ ಒಂದು ಮೂಲೆಯಲ್ಲಿ ಇಳಿಸುತ್ತಿದ್ದರು. ಮೂರು ಕಡೆ ಕಡಲು, ಬೆನ್ನಿಗೆ ಸುಮಾರು 2,000 ಅಡಿಯ ಕಡಿದಾದ ಬೆಟ್ಟ. ಜೈಲಿಗೆ ಗೋಡೆ ಕಟ್ಟುವ ಖರ್ಚೂ ಇಲ್ಲ. ನೂರು ವರ್ಷಗಳಲ್ಲಿ ಸುಮಾರು 8,000 ಜನ ಅಲ್ಲಿಗೆ ಹೋದರು, ಬಹುಪಾಲು ಹವಾಯಿಯ ಮೂಲನಿವಾಸಿಗಳು. ಹೊರಗಿನಿಂದ ಬಂದ ರೋಗ, ಶಿಕ್ಷೆ ಮಾತ್ರ ಮಣ್ಣಿನ ಮಕ್ಕಳಿಗೆ.

1873ರ ಮೇ 10ರಂದು ಅಲ್ಲಿ ಬಂದಿಳಿದವರು 33 ವರ್ಷದ ಕ್ಯಾಥೊಲಿಕ್ ಪಾದ್ರಿ ಡೇಮಿಯನ್. ಬೆಲ್ಜಿಯಂನ ಟ್ರೆಮೆಲೊ ಎಂಬ ಊರಿನವರು. ಹವಾಯಿಗೆ ಬರಬೇಕಿದ್ದದ್ದು ಅವರ ಅಣ್ಣ. ಅಣ್ಣ ಕಾಯಿಲೆ ಬಿದ್ದಿದ್ದರಿಂದ ತಮ್ಮ ಹೊರಟರು.

ಪಾದ್ರಿ ಅಂದ್ರೆ ಬರೀ ಪ್ರಾರ್ಥನೆ ಅಂದುಕೊಳ್ಳಬೇಡಿ. ಗಾಯ ತೊಳೆದು ಪಟ್ಟಿ ಕಟ್ಟಿದರು, ಮನೆ ಕಟ್ಟಿದರು, ಕುಡಿಯುವ ನೀರಿನ ಪೈಪ್ ಹಾಕಿಸಿದರು, ಶವಪೆಟ್ಟಿಗೆ ಮಾಡಿ ಗುಂಡಿ ತೋಡಿದರು. ರೋಗಿಗಳ ಜೊತೆ ಒಂದೇ ಪಾತ್ರೆಗೆ ಕೈ ಹಾಕಿ ಉಂಡರು. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಜಗಳಗಂಟತನ. ಮರ ಕೊಡಿ, ಬಟ್ಟೆ ಕೊಡಿ, ಔಷಧಿ ಕೊಡಿ ಅಂತ ಆರೋಗ್ಯ ಮಂಡಳಿಯ ಬೆನ್ನು ಬಿಡಲಿಲ್ಲ. ಅಧಿಕಾರಿಗಳಿಗಷ್ಟೇ ಅಲ್ಲ, ಸ್ವಂತ ಮಠದ ಹಿರಿಯರಿಗೂ ಅವರು ತಲೆನೋವಾಗಿದ್ದರು. ದಾನ ಕೇಳುವುದು ಬೇರೆ, ಬಾಕಿ ವಸೂಲಿ ಮಾಡುವುದು ಬೇರೆ ಅಲ್ವಾ?

ಆದರೆ ಒಬ್ಬರೇ ಹೋಗಿ ನರಕವನ್ನು ಸ್ವರ್ಗ ಮಾಡಿದರು ಅನ್ನೋ ಕತೆ ಅರ್ಧ ಸತ್ಯ. ಡೇಮಿಯನ್‌ಗಿಂತ ಮೊದಲೇ ಅಲ್ಲಿ ರೋಗಿಗಳೇ ಕಟ್ಟಿಕೊಂಡ ಪ್ರಾರ್ಥನಾ ಮಂದಿರವಿತ್ತು. ಗಂಡನ ಹಿಂದೆ ಹೆಂಡತಿ, ಹೆಂಡತಿಯ ಹಿಂದೆ ಗಂಡ, ರೋಗವಿಲ್ಲದಿದ್ದರೂ ಸೇವೆಗೆಂದು ಬಂದು ಉಳಿದಿದ್ದರು. 'ಕೊಕುವಾ' ಅಂತ ಅವರನ್ನು ಕರೆಯುತ್ತಿದ್ದರು. ಅವರ್ಯಾರೂ ಸಂತರಾಗಲಿಲ್ಲ.

1884ರ ಕೊನೆಗೆ ಡೇಮಿಯನ್ ಕಾಲಿಗೆ ಬಿಸಿನೀರು ತಾಗಿದರೂ ಉರಿ ಗೊತ್ತಾಗಲಿಲ್ಲ. ರೋಗ ಅವರನ್ನೂ ಹಿಡಿದಿತ್ತು. 1889ರ ಏಪ್ರಿಲ್ 15ರಂದು, 49ನೇ ವಯಸ್ಸಿನಲ್ಲಿ ತೀರಿಕೊಂಡರು. ಸತ್ತ ಮೇಲೂ ಕಳಂಕ ಬಿಡಲಿಲ್ಲ: ನಡತೆ ಕೆಟ್ಟು ರೋಗ ತಂದುಕೊಂಡ ಅಂತ ಹೊನೊಲುಲುವಿನ ಪ್ರಾಟೆಸ್ಟಂಟ್ ಪಾದ್ರಿಯೊಬ್ಬ ಪತ್ರ ಬರೆದ. ಕಾದಂಬರಿಕಾರ ಸ್ಟೀವನ್‌ಸನ್ ಅದಕ್ಕೆ ಬಹಿರಂಗವಾಗಿಯೇ ಉತ್ತರ ಕೊಟ್ಟರು.

ಈ ಸಾವಿನ ಎಳೆ ನಮ್ಮವರೆಗೂ ಬಂತು. ಡೇಮಿಯನ್ ನೆನಪಿಗೆ ಬ್ರಿಟನ್ನಿನಲ್ಲಿ ಎತ್ತಿದ ನಿಧಿಯಿಂದಲೇ ಭಾರತಕ್ಕೆ ಕುಷ್ಠರೋಗ ಆಯೋಗ ಬಂದದ್ದು. ಸೋಂಕಿನ ಅಪಾಯ ಕಡಿಮೆ, ಕಡ್ಡಾಯವಾಗಿ ಬೇರೆ ಇಟ್ಟರೆ ರೋಗ ಹೋಗದು ಅಂತ ಅದು ವರದಿ ಕೊಟ್ಟಿತು. ಆದರೂ 1898ರಲ್ಲಿ ಸರ್ಕಾರ ಕುಷ್ಠರೋಗಿಗಳ ಕಾಯ್ದೆ ತಂದಿತು. ಹಿಡಿದು ಕೂಡಿಹಾಕಿದ್ದು ಯಾರನ್ನ? ಭಿಕ್ಷೆ ಬೇಡುವ ಬಡವರನ್ನ. ಸಂಸತ್ತು ಅದನ್ನು ರದ್ದು ಮಾಡಿದ್ದು 2016ರಲ್ಲಿ. ಸಂಗಾತಿಗೆ ಕುಷ್ಠ ಇದೆ ಅಂತ ವಿಚ್ಛೇದನ ಕೇಳುವ ಅವಕಾಶ ಹೋಗಿದ್ದು 2019ರಲ್ಲಿ.

ಮೊಲೊಕಾಯಿಗೆ ರೋಗ ವಾಸಿಮಾಡುವ ಔಷಧಿ 1940ರ ದಶಕದಲ್ಲೇ ಬಂತು, ಬಾಗಿಲು ತೆರೆದಿದ್ದು 1969ರಲ್ಲಿ. ಅಷ್ಟರಲ್ಲಿ ಅನೇಕರಿಗೆ ವಯಸ್ಸಾಗಿತ್ತು. ಅಲ್ಲಿ ಹುಟ್ಟಿದ ಮಕ್ಕಳನ್ನು ಸರ್ಕಾರ ಆಗಲೇ ಕಿತ್ತುಕೊಂಡು ಬೇರೆಡೆ ಕಳಿಸಿತ್ತು. ಹೊರಗೆ ಕಾಯುವವರು ಯಾರಿದ್ದರು? ಎಷ್ಟೋ ಜನ ಅಲ್ಲೇ ಉಳಿದರು, ಸಾಯುವತನಕ ಇಲ್ಲಿರುವ ಹಕ್ಕು ನಮ್ಮದು ಅಂತ ಕೇಳಿ ಪಡೆದರು. ಕೂಡಿಹಾಕಿದ ಜಾಗವೇ ಮುಪ್ಪಿನಲ್ಲಿ ಅವರ ಊರಾಗಿತ್ತು.

ಡೇಮಿಯನ್ ದೇಹವನ್ನು ಮಾತ್ರ 1936ರಲ್ಲಿ ಬೆಲ್ಜಿಯಂ ತನ್ನ ನೆಲಕ್ಕೆ ಒಯ್ದಿತು. 1995ರಲ್ಲಿ ಅವರ ಬಲಗೈಯನ್ನಷ್ಟೇ ತಂದು ಹಳೇ ಸಮಾಧಿಯಲ್ಲಿ ಹೂಳಲಾಯಿತು.